ಬಾಗಿಲು ಬೇಗ ತೆರೆದವನು

ಎಂಟು ದಿನ ಬಿಟ್ಟು ಬರುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದೆ. ಹೋಗಲಿಲ್ಲ. ಅವಳ ಗಂಡನ ಮನೆ ಇದ್ದದ್ದು ಬನ್ನಿಮಂಟಪದಲ್ಲಿ. ನಾನು ಕೆಲಸ ಮಾಡುವ ಥಿಯೇಟರಿನಿಂದ ಸೈಕಲ್ ತುಳಿದರೆ ಕಾಲು ಗಂಟೆ. ಮಳೆ ಇರಲಿಲ್ಲ, ಜ್ವರ ಇರಲಿಲ್ಲ, ಸೈಕಲ್ ಪಂಕ್ಚರ್ ಆಗಿರಲಿಲ್ಲ. ಸುಮ್ಮನೆ ಹೋಗಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಆಮೇಲೆಲ್ಲ ಗೇಟ್ ಕೀಪರ್ ಕೆಲಸವೇ. ಟಿಕೆಟ್ ಹರಿದು ಒಳಗೆ ಬಿಡಬೇಕು, ಟಾರ್ಚ್ ಹಿಡಿದು ಸೀಟು ತೋರಿಸಬೇಕು, ಆಟ ಮುಗಿಯುವಾಗ ಒಳಗೆ ಹೋಗಿ ಬಾಗಿಲು ತೆರೆಯಬೇಕು. ಹಾಗಾಗಿ ನಾನು ನೋಡಿದ ಸಿನಿಮಾಗಳೆಲ್ಲ ಕೊನೆಯ ಹತ್ತು ನಿಮಿಷದವು. ಮುಂದಿನ ಆಟದವರು ಹೊರಗೆ ಕಾಯುತ್ತಿರುವುದರಿಂದ ಕೆಟ್ಟವನು ನೆಲಕ್ಕೆ ಬಿದ್ದ ಕೂಡಲೇ ಬಾಗಿಲು ತೆಗಿ ಎಂದು ಮ್ಯಾನೇಜರ್ ಹೇಳಿದ್ದರು. ಬೆಳಕು ಒಳಗೆ ಬಂದರೆ ಜನ ತಾವಾಗಿಯೇ ಏಳುತ್ತಾರೆ.

ಮದುವೆಯಾಗಿ ಎರಡು ವರ್ಷಕ್ಕೆ ತಂಗಿ ತುಟಿ ಒಡೆದುಕೊಂಡು ನಮ್ಮ ಮನೆಗೆ ಬಂದಳು. ಗಂಡ ಹೊಡೆದಿದ್ದ. ಮೂರನೇ ದಿನ ಅವನೂ ಅವನ ತಾಯಿಯೂ ಬಂದರು. ದೊಡ್ಡಪ್ಪ ನಡುವೆ ಕುಳಿತು ರಾಜಿ ಮಾಡಿಸಿದರು. ಅವನು ಎಲ್ಲರೆದುರು ಅತ್ತ. ನಮ್ಮಮ್ಮನ ಕಾಲಿಗೆ ಬಿದ್ದ. "ಇನ್ನೊಂದ್ಸಲ ಕೈ ಎತ್ತಿದ್ರೆ ಈ ಕೈ ಸೇದೋಗ್ಲಿ ಭಾವ" ಎಂದು ನನ್ನ ಕೈ ಹಿಡಿದುಕೊಂಡ. "ಕಾಲಿಗೇ ಬಿದ್ಬುಟ್ನಲ್ಲ, ಇನ್ನೇನ್ರಯ್ಯಾ? ಮುಗೀತು ಬುಡಿ" ಎಂದರು ದೊಡ್ಡಪ್ಪ. ಅಮ್ಮ ಕಾಫಿ ತಂದಳು. ಎಲ್ಲರೂ ಹಗುರವಾದೆವು. ನನಗೆ ಮ್ಯಾಟಿನಿಗೆ ಹೊತ್ತಾಗುತ್ತಿತ್ತು. ಆಟೋ ಕರೆದುಕೊಂಡು ಬಂದವನು ನಾನೇ.

ತಂಗಿ ಹತ್ತುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದಳು.

"ಅಣ್ಣಾ, ಎಂಟು ದಿನ ಬಿಟ್ಟು ಒಂದ್ಸಲ ಬಂದೋಗು."

"ನಾಳೇನೇ ಬರ್ತೀನಿ ಬಿಡಮ್ಮ."

"ನಾಳೆ ಬೇಡ. ನಾಳೆ ಎಲ್ಲಾ ಚೆನ್ನಾಗೇ ಇರತ್ತೆ. ಎಂಟು ದಿನ ಆದ್ಮೇಲೆ ಬಾ."

ಒಂಬತ್ತನೇ ದಿನ ಅವಳೇ ಫೋನ್ ಮಾಡಿದಳು. ಹಬ್ಬದ ಪಿಕ್ಚರ್ ಬಿದ್ದಿದೆ, ರಜ ಕೊಡಲ್ಲ ಎಂದೆ. "ಸರಿ ಕಣಣ್ಣ" ಎಂದಳು. ಅದಾಗಿ ಹತ್ತು ದಿನಕ್ಕೆ ಅವರ ಪಕ್ಕದ ಮನೆಯ ಹೆಂಗಸು ಅವಳನ್ನು ಕರೆತಂದು ಬಿಟ್ಟುಹೋದರು. ಎಡಗೈಯನ್ನು ದುಪಟ್ಟಾದಲ್ಲಿ ಕಟ್ಟಿ ಕತ್ತಿಗೆ ನೇತುಹಾಕಿಕೊಂಡಿದ್ದಳು. ಮಣಿಕಟ್ಟಿನ ಮೂಳೆ ಮುರಿದಿತ್ತು. ಕೂಡಿಕೊಂಡಿತು, ಆದರೆ ಆ ಕೈ ಈಗಲೂ ಪೂರ್ತಿ ತಿರುಗುವುದಿಲ್ಲ. ಅವಳು ಮತ್ತೆ ಆ ಮನೆಗೆ ಹೋಗಲಿಲ್ಲ. ಸೀರೆಗೆ ಫಾಲ್ಸ್ ಹೊಲಿದುಕೊಂಡು ನಮ್ಮ ಜೊತೆಯೇ ಇದ್ದಾಳೆ. ನೀನು ಯಾಕೆ ಬರಲಿಲ್ಲ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋದ ವರ್ಷ ನಮ್ಮ ಥಿಯೇಟರಿಗೆ ಡಬ್ ಆದ ಸಿನಿಮಾ ಒಂದು ಬಂತು. ಮುಖವಾಡ ಹಾಕಿದವನೊಬ್ಬ ಮಚ್ಚು ಹಿಡಿದು ಹಾಸ್ಟೆಲಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೊಲ್ಲುತ್ತಾನೆ. ಕೊನೆಗೆ ಉಳಿದವಳು ಅದೇ ಮಚ್ಚು ಕಿತ್ತುಕೊಂಡು ಅವನನ್ನು ಕೆಡವುತ್ತಾಳೆ. ಕೆಡವಿ, ಮಚ್ಚು ಬಿಸಾಕಿ, ಅವನಿಗೆ ಬೆನ್ನು ಹಾಕಿ ಕುಳಿತು ಅಳುತ್ತಾಳೆ. ಹಿಂದೆ ಅವನ ಬೆರಳು ಅಲ್ಲಾಡುತ್ತದೆ.

ಜನ ಕಿರುಚುತ್ತಿದ್ದರು. "ತಾಯೀ, ಇನ್ನೊಂದ್ ಏಟು ಹಾಕಮ್ಮ!" "ಎದ್ದ ಎದ್ದ, ತಿರುಗೇ!" ಬೆಂಕಿ ಹಾಕಿದರೂ, ಬಾವಿಗೆ ತಳ್ಳಿದರೂ ಇವನು ಯಾಕೆ ಸಾಯುವುದಿಲ್ಲ ಎಂದು ಪ್ರೊಜೆಕ್ಟರ್ ಓಡಿಸುವ ನಮ್ಮ ಆಪರೇಟರನ್ನು ಕೇಳಿದೆ. "ಅವ್ನು ಸತ್ತೋದ್ರೆ ಎರಡ್ನೇ ಭಾಗಕ್ಕೆ ನಿಮ್ಮಪ್ಪ ಬರ್ತಾನಾ? ಅವ್ನು ಏಳ್ತಾ ಇದ್ರೇನೇ ಕಣೋ ನಮಗೆ ಅನ್ನ" ಎಂದ. ನಾನೂ ನಕ್ಕೆ.

ಒಂದು ಮಧ್ಯಾಹ್ನ ತಂಗಿ ನನಗೆ ಊಟದ ಡಬ್ಬಿ ತಂದಳು. ಒಳಗೆ ಸೀಟು ಖಾಲಿ ಇತ್ತು. ಕೂತು ನೋಡು ಎಂದೆ. ಕೊನೆಗೆ ಮುಖವಾಡದವನು ಬಿದ್ದ. ಅಭ್ಯಾಸದಂತೆ ನಾನು ಅಗುಳಿ ಸರಿಸಿ ಬಾಗಿಲು ತೆರೆದೆ. ಬಿಸಿಲು ಪರದೆಯ ಮೇಲೆ ಬಿದ್ದು ಚಿತ್ರ ಮಂಕಾಯಿತು. ಅರ್ಧ ಜನ ಎದ್ದು ಹೊರಟರು. ಅವನ ಬೆರಳು ಆಡಿದ್ದನ್ನು ಅವರು ಕಾಣಲಿಲ್ಲ. ತಂಗಿ ಮಾತ್ರ ಕಣ್ಣಿಗೆ ಕೈ ಅಡ್ಡ ಹಿಡಿದು ಕೊನೆಯವರೆಗೂ ನೋಡಿದಳು.

ಮೆಟ್ಟಿಲ ಮೇಲೆ ಕುಳಿತು ಡಬ್ಬಿ ಬಿಚ್ಚಿದೆವು. ಆಪರೇಟರ್ ಹೇಳಿದ ಜೋಕು ಅವಳಿಗೂ ಹೇಳಿದೆ. ನಕ್ಕಳು.

"ಅವ್ನಿಗೇನು ಸಾವಿಲ್ಲ ಅಂತಲ್ಲ ಕಣಣ್ಣ. ಇವ್ಳಿಗೆ ಮುಗ್ದ್ರೆ ಸಾಕಾಗಿರತ್ತೆ. ಪಾಪ, ಸುಸ್ತು. ತಿರುಗಿ ನೋಡೋಕೂ ಭಯ. ಪಕ್ಕದಲ್ಲಿರೋರಾದ್ರೂ ಒಂಚೂರು ನಿಂತು ನೋಡ್ಬೇಕಪ್ಪ."

ಅವಳು ಸಿನಿಮಾದ ಮಾತೇ ಆಡಿದ್ದು. ನನ್ನ ಮುಖ ನೋಡಿ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಯಾಕೆ ಬರಲಿಲ್ಲ ಎಂದು ಆಗಲೇ ಹೇಳಬೇಕಿತ್ತು. "ಮೊಸರನ್ನ ಚೆನ್ನಾಗಿದೆ" ಎಂದೆ.

ಅಂದು ಸಂಜೆಯಿಂದ ನಾನು ಬಾಗಿಲ ಬಳಿ ನಿಂತು ಪರದೆಯ ಮೇಲಿನ ಆ ಹುಡುಗಿಯ ಬೆನ್ನನ್ನೇ ನೋಡುತ್ತಿದ್ದೆ. ಅವಳ ಮೇಲೆ ಜನ ಕೂಗಾಡಿದರೆ ನನಗೆ ಕೋಪ ಬರುತ್ತಿತ್ತು. ಅವಳೊಬ್ಬಳೇ ಇದ್ದಳು, ನಾವು ನಮ್ಮ ನಡುಮನೆಯಲ್ಲಿ ಏಳು ಜನ ಇದ್ದೆವು. ಅವನು ಕಾಲಿಗೆ ಬಿದ್ದದ್ದನ್ನು ನೋಡಿದೆವು, ಅಷ್ಟು ಸಾಕೆಂದು ಎದ್ದೆವು. ಎಂಟನೇ ದಿನ ಹೋಗಿದ್ದರೆ ಏನಾದರೂ ಕಾಣುತ್ತಿತ್ತು. ಕಂಡರೆ ತಂಗಿಯನ್ನು ಕರೆತರಬೇಕಾಗುತ್ತಿತ್ತು, ದೊಡ್ಡಪ್ಪನಿಗೆ ಎದುರು ಮಾತಾಡಬೇಕಾಗುತ್ತಿತ್ತು, ಬೀದಿಯವರಿಗೆ ಉತ್ತರ ಹೇಳಬೇಕಾಗುತ್ತಿತ್ತು. ಅದಕ್ಕೇ ಹೋಗಲಿಲ್ಲ. ಇದು ನನಗೆ ಆಗಲೂ ಗೊತ್ತಿತ್ತು.

ಆ ಸಿನಿಮಾ ನಮ್ಮ ಥಿಯೇಟರಿನಿಂದ ಎತ್ತಿದ ಮೇಲೂ ಎಷ್ಟೋ ತಿಂಗಳು ಕಳೆಯಿತು. ಮೊನ್ನೆ ಸೋಮವಾರ ಬೆಳಿಗ್ಗೆ ತಂಗಿ ಕಿಟಕಿಯ ಬಳಿ ಕುಳಿತು ಸೀರೆಗೆ ಫಾಲ್ಸ್ ಹಾಕುತ್ತಿದ್ದಳು. ಅಮ್ಮ ಅವರೆಕಾಳು ಬಿಡಿಸುತ್ತಿದ್ದಳು. ಎಡಗೈ ತಿರುಗದೆ ಅಂಚು ಮತ್ತೆ ಮತ್ತೆ ಜಾರುತ್ತಿತ್ತು. ನಾನು ಎದುರು ಕುಳಿತು ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. "ಡ್ಯೂಟಿ ಇಲ್ವಾ ಇವತ್ತು?" ಎಂದಳು. ರಜ ಹಾಕಿದ್ದೇನೆ ಎಂದೆ. ಅವಳು ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. ಅಮ್ಮನಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದೆ:

"ಅವತ್ತೂ ರಜ ಸಿಗ್ತಿತ್ತು ಕಣಮ್ಮ. ನಾನು ಕೇಳ್ಲೇ ಇಲ್ಲ. ಬಂದು ನೋಡಿದ್ರೆ ನಿನ್ನ ಕರ್ಕೊಂಡು ಬರ್ಬೇಕಾಗತ್ತೆ ಅಂತ ಹೆದರಿ ಸುಳ್ಳು ಹೇಳ್ದೆ. ನೀನು ಬಾ ಅಂದೆ, ನಾನು ಬರ್ಲಿಲ್ಲ. ತಪ್ಪಾಯ್ತು. ನನ್ನ ಕ್ಷಮಿಸ್ಬುಡಮ್ಮ."