ಸಾಬರು ಟೈಪ್ ಮಾಡದ ಸಾಲು

ಕಳೆದ ವಾರ ನಮ್ಮ ಅಂಗನವಾಡಿಯ ಹಳೇ ಟ್ರಂಕಿನಿಂದ ಮಕ್ಕಳ ಚಿತ್ರಪಟಗಳನ್ನು ತೆಗೆಯುವಾಗ, ಅವುಗಳ ನಡುವಿನಿಂದ ಒಂದು ಕಾರ್ಬನ್ ಹಾಳೆ ಜಾರಿ ಬಿತ್ತು. ಎತ್ತಿಕೊಂಡರೆ ಬೆರಳೆಲ್ಲ ನೀಲಿ. ಮೂಗಿನ ಹತ್ತಿರ ಹಿಡಿದೆ. ಆ ಮಸಿಯ ವಾಸನೆ ಬಂದಿದ್ದೇ ತಡ, ಶ್ರೀನಿವಾಸಪುರದ ತಾಲ್ಲೂಕು ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಕೂತಿರುತ್ತಿದ್ದ ಟೈಪ್ ಸಾಬರು ಕಣ್ಣೆದುರು ಬಂದರು.

ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಎಲ್ಲರಿಗೂ ಅವರು ಟೈಪ್ ಸಾಬರು. ಒಂದು ಮೇಜು, ಅದರ ಮೇಲೆ ಅವರಷ್ಟೇ ವಯಸ್ಸಾದ ಇಂಗ್ಲಿಷ್ ಟೈಪ್‌ರೈಟರ್, ಬಂದವರಿಗೆ ಕೂರಲು ಒಂದು ಸ್ಟೂಲು. ಪಕ್ಕದಲ್ಲಿ ಕಂಪ್ಯೂಟರ್ ಅಂಗಡಿ ಬಂದ ಮೇಲೂ, ಡೆಲ್ಲಿಗೆ ಹೋಗುವ ಅರ್ಜಿಯೆಂದರೆ ಜನ ಅವರ ಹತ್ತಿರವೇ ಹೋಗುತ್ತಿದ್ದರು. ನೀವು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಬೇಕು, ಅವರು ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದರು. ಆಮೇಲೆ ಹಾಳೆ ಎತ್ತಿ ಹಿಡಿದು, ಹೊಡೆದಿದ್ದನ್ನು ನಿಮ್ಮ ಭಾಷೆಯಲ್ಲೇ ಓದಿ ಹೇಳುವರು. ನೀವು ಹೂಂ ಅಂದ ಮೇಲೇ ಸಹಿ. ಇನ್ನೊಂದು ಪದ್ಧತಿಯೂ ಇತ್ತು, ಅವರಿಗೆ ಟೈಪಿಂಗ್ ಕಲಿಸಿದ ಉಸ್ತಾದರಿಂದ ಬಂದದ್ದಂತೆ. ಅರ್ಜಿ ಬರೆಯುವವನು ತನ್ನ ಕಷ್ಟವನ್ನು ತಾನೇ ಬರೆಯಬಾರದು.

"ಬರೆಯೋನು ಅತ್ರೆ ಅಕ್ಷರ ಕೆಡ್ತದೆ ಟೀಚರಮ್ಮ" ಅನ್ನುತ್ತಿದ್ದರು.

ಅವರ ಕಷ್ಟ ಏನೆಂದು ನನಗೆ ಗೊತ್ತಿತ್ತು. ರೈಲು ಗೇಟು ಮುಚ್ಚಿ ಹಳಿಯ ಕೆಳಗೆ ಅಂಡರ್‌ಪಾಸ್ ಮಾಡಿದ್ದರು. ಒಂದು ಮಳೆ ಬಿದ್ದರೆ ಸಾಕು, ಅದು ನೀರು ತುಂಬಿ ಕುಂಟೆಯಾಗುತ್ತಿತ್ತು. ನನ್ನ ಮನೆ ಹಳಿಯ ಈಚೆ, ನಾನು ಕೆಲಸ ಮಾಡುವ ಹಳ್ಳಿ ಆಚೆ. ಆ ಹಳ್ಳಿಯ ದಾರಿಯಲ್ಲೇ ಖಬರಸ್ತಾನ, ಅಲ್ಲಿ ಸಾಬರ ಹೆಂಡತಿಯ ಸಮಾಧಿ. ಮಕ್ಕಳಿರಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಒಂದು ಮೊಳ ಮಲ್ಲಿಗೆ ಹಿಡಿದು ಹೊರಡುವರು. ನೀರು ನಿಂತ ವಾರಗಳಲ್ಲಿ ಅಂಡರ್‌ಪಾಸಿನ ಬಾಯಿಯವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ಹೂವನ್ನು ಅಲ್ಲೇ ಗೋಡೆಯ ಮೇಲಿಟ್ಟು ಹಿಂದಿರುಗುವರು. ಏರಿ ಹತ್ತಿ ಹಳಿ ದಾಟಲು ಅವರ ಮಂಡಿ ಒಪ್ಪುತ್ತಿರಲಿಲ್ಲ. ನಾನು ಎಷ್ಟೋ ಸಲ ಕಂಡಿದ್ದೆ.

ಒಂದು ವರ್ಷ ಹಳ್ಳಿಯವರು ಎಂಪಿಗೆ ಅರ್ಜಿ ಕೊಡುವುದೆಂದು ತೀರ್ಮಾನಿಸಿ, ಕನ್ನಡದಲ್ಲಿ ನಾಲ್ಕಕ್ಷರ ಕಲಿತವಳೆಂದು ನನ್ನನ್ನು ಕಳಿಸಿದರು. ಸ್ಟೂಲಿನ ಮೇಲೆ ಕೂತು ಹೇಳಿದೆ. ಡೈರಿಗೆ ಹಾಲು ಹಾಕುವವರ ಪಾಡು, ಶಾಲೆಗೆ ಹೋಗುವ ಮಕ್ಕಳ ಪಾಡು, ಹೆರಿಗೆ ನೋವು ಬಂದವಳನ್ನು ಹಳಿಯ ಮೇಲೆ ನಡೆಸಿಕೊಂಡು ಹೋದದ್ದು... ಎಲ್ಲ ಮುಗಿದ ಮೇಲೆ ಇನ್ನೊಂದು ಸಾಲಿದೆ ಎಂದೆ.

"ಒಬ್ರು ಹಿರಿಯರು, ಹೆಂಡ್ತಿ ಸಮಾಧಿ ಹತ್ರ ಹೋಗಕ್ಕಾಗ್ದೆ ಹೂವನ್ನ ಗೋಡೆ ಮೇಲಿಟ್ಟು ವಾಪಸ್ ಹೋಗ್ತಾರೆ. ಬರ್ಕೊಳ್ಳಿ."

ಬೆರಳುಗಳು ನಿಂತವು. "ಅದು ನಮ್ ಮನೆ ಮಾತು. ಬೇಡಮ್ಮ."

"ಹೇಳ್ತಿರೋಳು ನಾನು ಸಾಬ್ರೇ. ನಿಮ್ ಕಷ್ಟ ನೀವು ಬರೀತಿಲ್ವಲ್ಲ."

ಸ್ಟೂಲಿನ ಮೇಲೆ ಕೂತವರು ಹೇಳಿದ್ದನ್ನು ಬರೆಯುವುದಿಲ್ಲ ಎಂದು ಅವರು ಯಾರಿಗೂ ಹೇಳಿದವರಲ್ಲ. ತಲೆ ತಗ್ಗಿಸಿ ಟಕಟಕ ಹೊಡೆದರು. ಹಾಳೆ ಎತ್ತಿ ಕನ್ನಡದಲ್ಲಿ ಓದಿದರು. ನನ್ನ ಸಾಲು ಹಾಗೇ ಇತ್ತು, ಗೋಡೆಯ ಮೇಲಿನ ಹೂವಿನ ಸಮೇತ. ಗೆದ್ದೆ ಎಂದುಕೊಂಡು ಸಹಿ ಹಾಕಿದೆ. ನಾನು ಮೊದಲಿನಿಂದಲೂ ಹಟಮಾರಿ.

ಕೆಲವು ತಿಂಗಳಾದ ಮೇಲೆ, ನಮ್ಮ ಅಂಡರ್‌ಪಾಸಿನ ವಿಷಯ ಪಾರ್ಲಿಮೆಂಟಿನಲ್ಲಿ ಬಂತೆಂದು ಸುದ್ದಿಯಾಯಿತು. ಟೀ ಅಂಗಡಿಯವರು ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ತೋರಿಸಿದರು. ಸಾಬರು ಬೆಂಚಿನ ಮೇಲೆ, ನಾನು ಹಿಂದೆ ನಿಂತಿದ್ದೆ. ಎಂಪಿ ಕನ್ನಡದಲ್ಲೇ ಮಾತಾಡಿದರು. ಹಾಲಿನವರ ಪಾಡು ಬಂತು, ಮಕ್ಕಳ ಪಾಡು ಬಂತು, ಹೆರಿಗೆಯ ವಿಷಯ ಬಂತು. ನಾನು ಕೊನೆಯ ಸಾಲಿಗೆ ಕಾದೆ. ಆಗ ಅವರು, ಅಲ್ಲೊಬ್ಬ ಅಂಗನವಾಡಿ ಕಾರ್ಯಕರ್ತೆ ಮಕ್ಕಳ ಮೊಟ್ಟೆಗಳನ್ನು ತಲೆಯ ಮೇಲೆ ಹೊತ್ತು ಸೊಂಟಮಟ್ಟದ ನೀರಿನಲ್ಲಿ ದಾಟುತ್ತಾಳೆ, ಒಂದು ದಿನವೂ ಬಾಗಿಲು ಮುಚ್ಚಿಲ್ಲ ಎಂದರು.

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ವಾರದ ಮೊಟ್ಟೆ ಒಯ್ಯುವುದು ಶುಕ್ರವಾರ ಮಧ್ಯಾಹ್ನ. ಹೂವು ಹಿಡಿದು ನಿಂತವರು ನನ್ನನ್ನು ನೋಡುತ್ತಿದ್ದಿರಬೇಕು...

"ನಾನ್ ಹೇಳಿದ್ದು ಇದಲ್ಲ ಸಾಬ್ರೇ" ಎಂದೆ.

ಅವರು ಟೀ ಲೋಟದಲ್ಲಿ ಏನೋ ಬಿದ್ದಿರುವಂತೆ ನೋಡುತ್ತಿದ್ದರು. "ಬೆರಳು ತಪ್ಪಿರ್ಬೇಕಮ್ಮ. ವಯಸ್ಸಾಯ್ತಲ್ಲ."

ಇಡೀ ಸಾಲಿಗೆ ಸಾಲೇ ಬೆರಳು ತಪ್ಪುತ್ತದೆಯೇ? ಹೊಡೆದದ್ದು ಒಂದು, ಓದಿ ಹೇಳಿದ್ದು ಇನ್ನೊಂದು. ಅವರ ಜನ್ಮದಲ್ಲಿ ಅದೊಂದೇ ಸಲವಿರಬೇಕು. ಮೂರು ದಿನ ನಾನು ಮಾತು ಬಿಟ್ಟೆ. ನಾಲ್ಕನೇ ದಿನ ನಾನೇ ಹೋಗಿ ಸ್ಟೂಲಿನ ಮೇಲೆ ಕೂತು ಸುಮ್ಮನೆ ಅತ್ತೆ. ಅವರು ಟೈಪ್‌ರೈಟರಿನ ಧೂಳು ಒರೆಸುತ್ತಾ ಕೂತಿದ್ದರು.

ನಿಧಾನವಾಗಿಯಾದರೂ ಚರಂಡಿ ಬಂತು, ನೀರೆತ್ತುವ ಮೋಟಾರು ಬಂತು. ಎರಡು ಮಳೆಗಾಲ ಸಾಬರು ಒಂದು ಶುಕ್ರವಾರವೂ ತಪ್ಪಿಸದೆ ಹೆಂಡತಿಯ ಹತ್ತಿರ ಹೋಗಿ ಬಂದರು. ಮೂರನೆಯದರಲ್ಲಿ ಅವರನ್ನೇ ಹೊತ್ತುಕೊಂಡು ಹೋದರು. ಜಡಿ ಮಳೆ ಹಿಡಿದಿತ್ತು. ಅಂಡರ್‌ಪಾಸಿನಲ್ಲಿ ನೀರಿರಲಿಲ್ಲ, ಹೊತ್ತವರ ಕಾಲು ಮುಳುಗಲಿಲ್ಲ.

ಅಂದಿನಿಂದ ಶುಕ್ರವಾರ ಮೊಟ್ಟೆಯ ಜೊತೆ ಒಂದು ಮೊಳ ಮಲ್ಲಿಗೆಯನ್ನೂ ಒಯ್ದು ಖಬರಸ್ತಾನದ ಗೇಟಿನ ಹತ್ತಿರ ಇಟ್ಟು ಹೋಗುತ್ತೇನೆ. ಹೋಗುತ್ತಿದ್ದೆ ಎನ್ನಬೇಕು. ಈ ಮಳೆಗಾಲದಲ್ಲಿ ಮೋಟಾರು ಕೆಟ್ಟು ಕೂತಿದೆ. ಈಗ ನೀರು ಮೊದಲಿಗಿಂತ ಆಳ, ನನ್ನ ಕಾಲಿಗೂ ಮೊದಲಿನ ಧೈರ್ಯವಿಲ್ಲ. ಹಳಿ ದಾಟಿ ಹೇಗೋ ಕೆಲಸಕ್ಕೆ ಹೋಗುತ್ತೇನೆ. ಹಳಿಯಿಂದ ಹಳ್ಳಿಗೆ ಇಳಿಯುವ ಕಾಲುದಾರಿ ಬೇರೆ, ಖಬರಸ್ತಾನದ ಕಡೆ ಬರೀ ಕೆಸರಿನ ಮಡು.

ಮಕ್ಕಳ ಚಿತ್ರಕ್ಕೆಂದು ಎಂದೋ ಸಾಬರೇ ಕೊಟ್ಟಿದ್ದ ಆ ಕಾರ್ಬನ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎಷ್ಟೋ ಜನರ ಕಷ್ಟ ಒಂದರ ಮೇಲೊಂದು ಬಿದ್ದು ಏನೂ ಓದಲಾಗಲಿಲ್ಲ. ಸಾಬರ ಕಷ್ಟವೊಂದು ಅದರಲ್ಲಿ ಇಲ್ಲವೆಂದು ಮಾತ್ರ ನನಗೆ ಗೊತ್ತು.

ಈಗಿನ ಎಂಪಿಗೆ ಅರ್ಜಿಯನ್ನು ನಾನೇ ಕೈಯಲ್ಲಿ ಬರೆಯಲು ಕೂತೆ, ಕನ್ನಡದಲ್ಲಿ. ಹಾಲಿನವರನ್ನು ಬರೆದೆ, ಮಕ್ಕಳನ್ನು ಬರೆದೆ. ಕೊನೆಗೆ, ಹಳಿಯಾಚೆ ಇಬ್ಬರು ಹಿರಿಯರ ಸಮಾಧಿಯಿದೆ, ಶುಕ್ರವಾರ ಅಲ್ಲಿಗೆ ಹೂವು ಒಯ್ಯುವವಳಿಗೆ ದಾರಿಯಿಲ್ಲ ಎಂದು ಬರೆದೆ. ಸಾಬರು ಹೇಳುತ್ತಿದ್ದದ್ದು ನಿಜ, ಅಕ್ಷರ ಕೆಟ್ಟಿತು. ಇನ್ನೊಂದು ಹಾಳೆ ತೆಗೆದುಕೊಂಡೆ.