ರವಿವಾರ ಪೇಟೆಯ ಕುಂಬಾರಗಿತ್ತಿ

ನಾನು ಚಿಕ್ಕವನಿದ್ದಾಗ, ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ, ನನ್ನನ್ನು ದತ್ತಕ ಕೊಡುವ ಮಾತು ನಡೆದಿತ್ತು. ಖಾನಾಪುರದ ನಮ್ಮ ಮನೆ ತುಂಬ ಮಕ್ಕಳು. ಬೆಳಗಾವಿಯ ರವಿವಾರ ಪೇಟೆಯಲ್ಲಿದ್ದ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಒಂದೂ ಇರಲಿಲ್ಲ. ಕೆಲವು ದಿನ ಇದ್ದು ನೋಡಲಿ ಎಂದು ಅಪ್ಪ ನನ್ನನ್ನು ಅಲ್ಲಿ ಬಿಟ್ಟು ಮಧ್ಯಾಹ್ನದ ರೈಲಿಗೆ ಹೊರಟುಹೋದ.

ಆ ಮನೆಗೆ ಬೆಲ್ಲದ ವಾಸನೆ, ಒಣಮೆಣಸಿನಕಾಯಿಯ ಘಾಟು ಬರುತ್ತಿತ್ತು. ಹೊರಗೆ ಚಕ್ಕಡಿಗಳ ಸದ್ದು, ಹಮಾಲರ ಕೂಗು. ಒಳಗೆ ನನ್ನ ಜೊತೆ ಆಡಲು ಯಾರೂ ಇಲ್ಲ. ದಿನವಿಡೀ ಕಿಟಕಿಯಲ್ಲೇ ಕುಳಿತಿರುತ್ತಿದ್ದೆ. ಅಲ್ಲೊಂದು ಹಳದಿ ಪಟ್ಟೆಯ ಕಣಜ ಬಚ್ಚಲ ಬಳಿಯ ಹಸಿಮಣ್ಣನ್ನು ಉಂಡೆ ಉಂಡೆಯಾಗಿ ತಂದು ಚೌಕಟ್ಟಿಗೆ ಗಡಿಗೆ ಕಟ್ಟುತ್ತಿತ್ತು. ಅದರ ಸೊಂಟ ದಾರದಷ್ಟು ಸಣ್ಣ. ಊರಲ್ಲಿ ನಮ್ಮ ಬಾಗಿಲ ಹಿಂದೆ ಉದ್ದ ಕೊಳವೆ ಕಟ್ಟಿ ಜೇಡ ತುಂಬುವ ಕಣಜ ಬೇರೆ. ಇದರದು ಗುಂಡಗಿನ ಗಡಿಗೆ, ಪುಟ್ಟ ಕಂಠವಿರುವಂಥದ್ದು. ತುಂಬುವುದು ಹಸಿರು ಹುಳಗಳನ್ನು.

ಅಕ್ಕಿ ಆರಿಸುತ್ತಿದ್ದ ಚಿಗವ್ವನನ್ನು ಕೇಳಿದೆ.

"ಅದು ಕುಂಬಾರಗಿತ್ತಿ. ಯಾರದೋ ಹುಳಾ ತಂದು, ನನ್ನಂಗ ಆಗು, ನನ್ನಂಗ ಆಗು ಅಂತ ಗುಂಯ್ ಅಂತೈತಿ. ಕಡೀಕ ಆ ಹುಳಾನೂ ಕುಂಬಾರಗಿತ್ತಿ ಆಗತೈತಿ," ಎಂದಳು.

ನಮ್ಮ ಕಡೆ ಎಲ್ಲರೂ ಇದನ್ನು ನಂಬುತ್ತಿದ್ದರು. ಮಠದ ಪ್ರವಚನದಲ್ಲೂ ಕೇಳಿದ್ದೆ. ಆದರೆ ಅಂದು ನನಗೆ ಹೆದರಿಕೆಯಾಯಿತು. ಚಿಗವ್ವನಿಗೆ ಕೆಲಸ ಮಾಡುತ್ತ ಗುನುಗುವ ಅಭ್ಯಾಸವಿತ್ತು. ಅದನ್ನು ಕೇಳಿ ಕೇಳಿ ನಾನೂ ಬದಲಾಗಿ ಅವ್ವನನ್ನು ಮರೆತುಬಿಟ್ಟರೆ? ದೀಪದ ಬತ್ತಿಗೆಂದು ಇಟ್ಟ ಅರಳೆಯನ್ನು ಕಿವಿಗೆ ತುರುಕಿಕೊಂಡೆ. ಅವಳು ಕರೆದರೂ ಓಗೊಡಲಿಲ್ಲ.

ಕುಂಬಾರಗಿತ್ತಿ ಗಡಿಗೆಯ ಬಾಯಿ ಮುಚ್ಚಿ ಹೋದದ್ದು ಮತ್ತೆ ಬರಲೇ ಇಲ್ಲ. ಕೆಲವು ದಿನ ಕಾದೆ. ಒಳಗಿನ ಹುಳಗಳನ್ನಾದರೂ ಬಿಡಿಸೋಣವೆಂದು ಕಡ್ಡಿಯಿಂದ ಗಡಿಗೆ ಒಡೆದೆ. ಹಸಿರು ಹುಳಗಳು ಸೋತು ಬಿದ್ದಿದ್ದವು. ಒಂದು ಬಿಳಿ ಮರಿ ಅವನ್ನು ತಿನ್ನುತ್ತಿತ್ತು. ಯಾವ ಹುಳವೂ ಕುಂಬಾರಗಿತ್ತಿ ಆಗಿರಲಿಲ್ಲ. ಆ ಮರಿ ಕುಂಬಾರಗಿತ್ತಿಯೇ ಇಟ್ಟ ಮೊಟ್ಟೆಯದೆಂದು ದೊಡ್ಡವನಾದ ಮೇಲೆ ತಿಳಿಯಿತು. ನಾನು ಅತ್ತುಬಿಟ್ಟೆ.

ಚಿಗವ್ವ ಬಂದು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಿವಿಯ ಅರಳೆ ತೆಗೆದು, "ಹಂಗಾದ್ರ ಆ ಮಾತು ಖರೇ ಅಲ್ಲ," ಎಂದಳು. "ಅವ್ವನ ಕಡೆ ಹೋಗ್ತೀಯೇನಪಾ?"

ಹೂಂ ಎಂದೆ. ಮರುದಿನ ಅವಳೇ ನನ್ನನ್ನು ಖಾನಾಪುರಕ್ಕೆ ಬಿಟ್ಟುಬಂದಳು.

ಮಕ್ಕಳೇ, ಇದೇ ಬೆಳಗಾವಿಯ ರಾಮತೀರ್ಥ ನಗರದ ಈ ಮನೆಯಲ್ಲಿ ನೀವು ಪುಸ್ತಕದ ಚಿತ್ರಕ್ಕೆ ಹೋಲಿಸಿ ಯಾವ ಕಣಜ ಯಾವುದೆಂದು ಥಟ್ಟನೆ ಹೇಳುತ್ತೀರಿ. ನನ್ನ ಮಾತು ತಪ್ಪಿದರೆ ಪುಟ ತೆರೆದು ತೋರಿಸಿ, ಅಜ್ಜ ಸೋತ ಎಂದು ಕುಣಿಯುತ್ತೀರಿ. ನಿಮ್ಮನ್ನು ಇನ್ನೊಬ್ಬರಿಗೆ ಕೊಡುವ ಮಾತನ್ನು ಯಾರೂ ಆಡುವುದಿಲ್ಲ. ಅಂದು ನಾನೂ ಗೆದ್ದೆ, ಊರಿಗೆ ಹೋದೆ. ಚಿಗವ್ವನನ್ನು ಅವ್ವ ಎಂದು ಕರೆಯಲು ಕೊನೆಯವರೆಗೂ ಯಾರೂ ಬರಲಿಲ್ಲ.