ಸೆಕೆಂಡಣ್ಣ ಮತ್ತು ದಿಂಬುವಿನ ತೂಕ

ಬೀದಿಯ ಜನ ಅವನನ್ನು ಸೆಕೆಂಡಣ್ಣ ಎಂದೇ ಕರೆಯುತ್ತಿದ್ದರು. ಗಂಟೆ ಎಷ್ಟು ಎಂದು ಯಾರಾದರೂ ಕೇಳಿದರೆ, "ಹತ್ತು ಗಂಟೆ ನಲವತ್ತೊಂದು ನಿಮಿಷ ಹದಿನೆಂಟು ಸೆಕೆಂಡು" ಎಂದು ಹೇಳಿ, ಒಂದು ಕ್ಷಣ ತಡೆದು, "ಈಗ ಇಪ್ಪತ್ತೆರಡಾಯ್ತು" ಎಂದು ತಿದ್ದುತ್ತಿದ್ದ. ಬಸ್ಸಿಗೆ ಓಡುವವರು ಅವನನ್ನು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ.

ಅವನದು ಗಡಿಯಾರ ರಿಪೇರಿಯ ಅಂಗಡಿ. ಮೂರು ಜನ ನಿಂತರೆ ನಾಲ್ಕನೆಯವರು ಹೊಟ್ಟೆ ಎಳೆದುಕೊಂಡು ನಿಲ್ಲಬೇಕು. ಅಂಗಡಿಯ ಮೇಲೆ ಅವನ ಒಂಟಿ ಕೋಣೆ, ನಡುವೆ ಹದಿನೆಂಟು ಮೆಟ್ಟಿಲು. ಮೂವತ್ತು ವರ್ಷ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಆ ಹುಬ್ಬು ಮೇಲಕ್ಕೆದ್ದೇ ನಿಂತುಬಿಟ್ಟಿತ್ತು. ಹೀಗಾಗಿ ಯಾರು ಏನು ಹೇಳಿದರೂ ಅವನು ನಂಬದವನಂತೆ ಕಾಣುತ್ತಿದ್ದ. ಅವನು ನಂಬಿದ್ದ ಸಂಗತಿ ಒಂದೇ: ಯಾವ ಯಂತ್ರ ಕೆಟ್ಟರೂ ಅದನ್ನು ಸರಿಮಾಡುವ ಒಂದು ತಿರುಪು ಒಳಗೆಲ್ಲೋ ಇದ್ದೇ ಇರುತ್ತದೆ. ಮುಂದೆ ಓಡುವುದನ್ನು ಹಿಂದಕ್ಕೆ ತಿರುಗಿಸು, ಹಿಂದೆ ಬಿದ್ದದ್ದನ್ನು ಮುಂದಕ್ಕೆ ತಿರುಗಿಸು. ಅಷ್ಟೇ.

ಒಂದು ಬೆಳಿಗ್ಗೆ ಅವನ ಅಕ್ಕ ಕುಂಟುತ್ತಾ ಬಂದಳು. ಮಂಡಿ ಆಪರೇಷನ್ನು; ಮೂರು ತಿಂಗಳು ಮಗಳ ಮನೆಯಲ್ಲಿರಬೇಕು. ಆ ಮನೆಯ ಮಗುವಿಗೆ ನಾಯಿಯ ಕೂದಲು ಆಗಿಬರುವುದಿಲ್ಲ. ಆದ್ದರಿಂದ ಅವಳ ಹಿಂದೆಯೇ ಒಂದು ಪಗ್ ನಾಯಿ, ಅದರ ಬುಟ್ಟಿ, ಮೇಲೆ ಹತ್ತಿ ನಿಂತು ನೋಡುವ ಮುಳ್ಳಿನ ತೂಕದ ಯಂತ್ರ ಮತ್ತು ಎರಡು ಹಾಳೆ ತುಂಬ ಬರೆದ ಸೂಚನೆಗಳು ಒಳಗೆ ಬಂದವು.

ನಾಯಿಯ ಹೆಸರು ದಿಂಬು. ಮೈ ತಿಳಿಕಂದು, ಬಾಲ ಸುರುಳಿ, ಮೂತಿ ಇದ್ದಿಲಲ್ಲಿ ಅದ್ದಿ ತೆಗೆದಂತೆ ಕಪ್ಪು. ಚಿಕ್ಕಂದಿನಲ್ಲಿ ಓಡಿಬಂದು ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆದಂಥ ಮುಖ. ಎಚ್ಚರವಿದ್ದಾಗಲೂ ಗೊರಕೆ.

"ಲೋ, ಸರಿಯಾಗಿ ಕೇಳಿಸ್ಕೋ," ಎಂದಳು ಅಕ್ಕ. "ಮುಖದ ಸುಕ್ಕು ದಿನಾ ಒದ್ದೆ ಹತ್ತೀಲಿ ಒರೆಸ್ಬೇಕು, ಆಮೇಲೆ ಒಣಗಿಸ್ಬೇಕು. ಇಲ್ಲಾಂದ್ರೆ ಹುಣ್ಣಾಗತ್ತೆ. ಕುತ್ತಿಗೆಗೆ ಪಟ್ಟಿ ಕಟ್ಬೇಡ, ಎದೆಗೆ ಹಾಕೋ ಬೆಲ್ಟಿದೆ. ಬಿಸಿಲಲ್ಲಿ ಓಡಾಡಿಸ್ಬೇಡ. ಈಗ ಎಂಟು ಕೆಜಿ ಇದಾನೆ. ಎಂಟೂವರೆ ದಾಟಿದ್ರೆ ಈ ಮೊಂಡು ಮೂಗಲ್ಲಿ ಉಸಿರಾಡೋಕಾಗಲ್ಲ. ಇವನಿಗೇನಾದ್ರೂ ಆದ್ರೆ ನಾನು ಮಂಡಿ ಸರಿಮಾಡ್ಕೊಂಡು ಯಾರ ಜೊತೆ ನಡೀಲಿ, ಹೇಳು?"

"ಗಡಿಯಾರದ ಥರ ನೋಡ್ಕೋತೀನಿ ಕಣಕ್ಕ," ಎಂದ ಸೆಕೆಂಡಣ್ಣ.

ಮಾತು ತಪ್ಪಲಿಲ್ಲ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳಕ್ಕೆ, ಕಾಳು ಎಣಿಸಿದಂತೆ ಅಳೆದು ಊಟ ಹಾಕಿದ. ಮುಖದ ಸುಕ್ಕುಗಳನ್ನು ಹತ್ತಿಯಲ್ಲಿ ಒರೆಸಿ, ಗಡಿಯಾರದ ಧೂಳು ಊದುವ ರಬ್ಬರ್ ಬುಡ್ಡಿಯಿಂದ ಒಂದೊಂದನ್ನೇ ಒಣಗಿಸಿದ. ಪ್ರತಿ ಸಲ ಊದಿದಾಗಲೂ ದಿಂಬು ಸೀನುತ್ತಿತ್ತು. ಅದರ ಕೂದಲು ಎಲ್ಲೆಲ್ಲೂ ಉದುರುತ್ತಿತ್ತು. ಪೋಸ್ಟ್‌ಮ್ಯಾನಿನ ಕೈಗಡಿಯಾರದೊಳಗೂ ಒಂದು ಸೇರಿಕೊಂಡು ಸಣ್ಣ ಮುಳ್ಳಿನ ಜೊತೆ ಎರಡು ದಿನ ಸುತ್ತಿತು.

ಆದರೆ ಮೊದಲ ಭಾನುವಾರ ಬುಟ್ಟಿಯಲ್ಲಿ ಕೂರಿಸಿ ತೂಗಿದಾಗ ಮುಳ್ಳು ಎಂಟು ಕೆಜಿ ಮುನ್ನೂರರ ಹತ್ತಿರ ನಿಂತಿತು. ಸೆಕೆಂಡಣ್ಣ ಯೋಚಿಸಿದ. ಊಟದಲ್ಲಿ ಒಂದು ಕಾಳೂ ಹೆಚ್ಚಾಗಿಲ್ಲ, ಹೊತ್ತಿನಲ್ಲಿ ಒಂದು ನಿಮಿಷವೂ ಹೆಚ್ಚುಕಡಿಮೆಯಾಗಿಲ್ಲ. ಹಾಗಾದರೆ ತಪ್ಪು ಯಂತ್ರದ್ದೇ.

"ಮುಂದೆ ಓಡ್ತಿದೆ," ಎಂದುಕೊಂಡು ಅದರ ಹೊಟ್ಟೆ ಬಿಚ್ಚಿದ. ಒಳಗೆ ಒಂದು ಸ್ಪ್ರಿಂಗು, ಪಕ್ಕದಲ್ಲೇ ಒಂದು ತಿರುಪು. ಮುಳ್ಳು ಸರಿಯಾಗಿ ಎಂಟಕ್ಕೆ ಬರುವವರೆಗೂ ತಿರುಗಿಸಿ, ನೆಮ್ಮದಿಯಿಂದ ಮುಚ್ಚಿದ.

ಮರುದಿನ ಪಕ್ಕದ ಅಂಗಡಿಯ ಟೈಲರಮ್ಮ ಬಂದವಳು ಸುಮ್ಮನೆ ಯಂತ್ರದ ಮೇಲೆ ಹತ್ತಿದಳು. ಇಳಿದು ಮತ್ತೆ ಹತ್ತಿದಳು.

"ಸೆಕೆಂಡಣ್ಣ! ಎರಡೂವರೆ ಕೆಜಿ ಇಳಿದಿದೀನಿ!"

"ರಿಪೇರಿ ಮಾಡಿದೀನಿ. ಈಗ ಸರಿಯಾಗಿ ತೋರಿಸತ್ತೆ."

"ಅಯ್ಯೋ, ನಿಮ್ಮ ಕೈ ತಣ್ಣಗಿರಲಿ!"

ಆ ಸಂತೋಷಕ್ಕೆ ಅವಳು ದಿಂಬುವಿಗೆ ಒಂದು ಬಿಸ್ಕತ್ತು ಕೊಟ್ಟಳು. ಅದು ಹೊಸತೇನಲ್ಲ, ಮೊದಲ ದಿನದಿಂದಲೂ ಕೊಡುತ್ತಿದ್ದಳು. ಪಗ್ ನಾಯಿಯ ಮುಖವೇ ಹಾಗೆ: ಹೊಟ್ಟೆ ತುಂಬಿದ ಮೇಲೂ ಅನ್ನ ಕಂಡು ಹತ್ತು ದಿನವಾದಂತೆ ಹಣೆ ಸುಕ್ಕಿಸಿ, ಕಣ್ಣು ಉಬ್ಬಿಸಿ ನೋಡುತ್ತದೆ. ಸೆಕೆಂಡಣ್ಣನಿಗೆ ಇದು ಕಾಣುತ್ತಿರಲಿಲ್ಲ. ಅಂಗಡಿಯಲ್ಲಿರುವಾಗ ಅವನ ಒಂದು ಕಣ್ಣು ಭೂತಗನ್ನಡಿಯೊಳಗೆ, ಇನ್ನೊಂದು ಕಣ್ಣು ಮುಚ್ಚಿರುತ್ತಿತ್ತು.

ಸುದ್ದಿ ಬೀದಿಯಲ್ಲೆಲ್ಲ ಹಬ್ಬಿತು. ಗಡಿಯಾರವೇ ಇಲ್ಲದವರೂ ಗಡಿಯಾರದಂಗಡಿಗೆ ಬಂದು ತೂಕ ನೋಡಿಕೊಂಡರು. ಹತ್ತುವ ಸರದಿಗೆ ಕಾಯುವಾಗ ಕೈ ಸುಮ್ಮನಿರಬೇಕಲ್ಲ, ದಿಂಬುವಿಗೆ ಏನಾದರೂ ಕೊಡುತ್ತಿದ್ದರು. ಭಾನುವಾರ ಬಂದರೆ ಮುಳ್ಳು ಮತ್ತೆ ಮುಂದೆ ಓಡಿರುತ್ತಿತ್ತು. ಸೆಕೆಂಡಣ್ಣ ಮತ್ತೆ ತಿರುಪು ತಿರುಗಿಸುತ್ತಿದ್ದ. ಸೋಮವಾರ ಬೀದಿಯವರು ಇನ್ನಷ್ಟು ಹಗುರಾಗಿ, ಇನ್ನಷ್ಟು ಖುಷಿಯಾಗಿ, ಇನ್ನಷ್ಟು ಬಿಸ್ಕತ್ತು ತರುತ್ತಿದ್ದರು.

ಐದನೆಯ ವಾರಕ್ಕೆ ಟೈಲರಮ್ಮ ಎಪ್ಪತ್ತೆರಡರಿಂದ ಅರವತ್ತಕ್ಕೆ ಇಳಿದಿದ್ದಳು. ಆದರೆ ಅವಳ ಸೊಂಟದ ಸುತ್ತಳತೆ ಮಾತ್ರ ಜಗ್ಗಿರಲಿಲ್ಲ. "ಹಳೇ ಟೇಪು, ಒಗೆದೂ ಒಗೆದೂ ಕುಗ್ಗಿಹೋಗಿದೆ," ಎಂದು ಅದನ್ನು ಬಿಸಾಕಿ ಹೊಸದು ಕೊಂಡಳು. ಹೊಸ ಟೇಪೂ ಅದನ್ನೇ ಹೇಳಿತು. "ಈಗಿನ ಮಾಲೇ ಸರಿಯಿಲ್ಲ," ಎಂದಳು.

ಆ ವಾರವೇ ಒಂದು ಮಧ್ಯಾಹ್ನ ಸೆಕೆಂಡಣ್ಣ ಊಟಕ್ಕೆಂದು ಮೆಟ್ಟಿಲು ಹತ್ತಿದ. ದಿಂಬು ಹಿಂದೆ ಬಂತು. ಒಂಬತ್ತನೆಯ ಮೆಟ್ಟಿಲಲ್ಲಿ ಧೊಪ್ಪನೆ ಕುಳಿತಿತು. ನಾಲಿಗೆ ನೇರಳೆಗೆ ತಿರುಗಿತ್ತು. ಗಂಟಲಲ್ಲಿ ಹಳೆಯ ಬಾಗಿಲು ಎಳೆದಂಥ ಸದ್ದು.

ಬಂದ ದಿನ ಈ ಹದಿನೆಂಟು ಮೆಟ್ಟಿಲಿಗೆ ದಿಂಬು ತೆಗೆದುಕೊಂಡಿದ್ದು ಹನ್ನೊಂದು ಸೆಕೆಂಡು. ಇವತ್ತು ಅರ್ಧ ಹತ್ತಲು ಮೂವತ್ತನಾಲ್ಕು. ತೂಕದ ಯಂತ್ರ ಕೆಡಬಹುದು. ಸೆಕೆಂಡು ಕೆಡುವುದಿಲ್ಲ. ಹಾಗಾದರೆ ಕೆಟ್ಟಿದ್ದು ಯಾರು?

ನಾಯಿಯನ್ನು ಎದೆಗವಚಿಕೊಂಡು ಡಾಕ್ಟರ ಹತ್ತಿರ ಓಡಿದ. ಜೀವನದಲ್ಲಿ ಮೊದಲ ಬಾರಿಗೆ ಎಷ್ಟು ಹೊತ್ತು ಓಡಿದೆ ಎಂದು ನೋಡಿಕೊಳ್ಳಲಿಲ್ಲ.

ಪ್ರಾಣಿಗಳ ಡಾಕ್ಟರಮ್ಮ ದಿಂಬುವನ್ನು ತಂಪಾದ ಜಾಗದಲ್ಲಿ ಮಲಗಿಸಿ, ಉಸಿರು ಹತೋಟಿಗೆ ಬಂದ ಮೇಲೆ ತೂಗಿದರು. "ಒಂಬತ್ತು ಕೆಜಿ ಆರುನೂರು. ಏನ್ರೀ ಇದು, ನಾಯೀನೋ ಗ್ಯಾಸ್ ಸಿಲಿಂಡರೋ?"

"ನಮ್ಮನೇಲಿ ಎಂಟು ಕೆಜಿ ಇತ್ತು, ಡಾಕ್ಟ್ರೇ."

"ಹೇಗೆ?"

ಸೆಕೆಂಡಣ್ಣ ಹೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. "ನಿಮ್ಮ ಗಡಿಯಾರ ಸರಿ ಇರ್ಲಿ ಅಂತ ಸೂರ್ಯನಿಗೂ ತಿರುಪು ಹಾಕ್ತೀರೇನ್ರೀ?" ಎಂದರು. ಆಮೇಲೆ ದಿಂಬುವಿನ ಮೂತಿಗೆ ಅಂಟಿದ್ದ ಬಿಸ್ಕತ್ತಿನ ಪುಡಿ ತೋರಿಸಿ ಗದರಿ, ಬಿಸ್ಕತ್ತು ಪೂರ್ತಿ ನಿಲ್ಲಿಸಬೇಕು, ತಂಪು ಹೊತ್ತಿನಲ್ಲಿ ಮಾತ್ರ ನಡೆಸಬೇಕು, ತೂಕ ವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿಯಲಿ ಎಂದು ಹೇಳಿ ಕಳಿಸಿದರು.

ಅವನು ಬಂದವನೇ ತಿರುಪನ್ನು ಮೊದಲಿದ್ದಲ್ಲಿಗೆ ತಂದು, ಅದರ ಮೇಲೆ ಮೇಣ ಮೆತ್ತಿ, ಅಂಗಡಿಯ ಮುಂದೆ ಹಲಗೆ ತೂಗುಹಾಕಿದ: "ಈ ಯಂತ್ರ ಐದು ವಾರ ಸುಳ್ಳು ಹೇಳಿತು. ಹೇಳಿಸಿದ್ದು ನಾನು. ದಯವಿಟ್ಟು ನಾಯಿಗೆ ಏನೂ ಕೊಡಬೇಡಿ."

ಟೈಲರಮ್ಮ ಸೊಂಟಕ್ಕೆ ಕೈಯಿಟ್ಟು ಓದಿದಳು. "ನನ್ನ ಹನ್ನೆರಡು ಕೆಜಿ?"

"ವಾಪಸ್ ಬಂದಿದೆ."

"ಪಾಪ, ಆ ಟೇಪು ಏನು ತಪ್ಪು ಮಾಡಿತ್ತು!" ಎಂದು ಕಸದ ಬುಟ್ಟಿಯ ಕಡೆ ನೋಡಿದಳು. ಎರಡು ದಿನ ಅವನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಆರಕ್ಕೆ ಸೆಕೆಂಡಣ್ಣ ದಿಂಬುವಿನ ಎದೆಬೆಲ್ಟು ಹಿಡಿದು ಹೊರಟಾಗ, ಅವಳೂ ಹಳೆಯ ಬೂಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಡೀರಿ. ನಾಯಿ ಹೆಸರಲ್ಲಿ ನಂದೂ ಸ್ವಲ್ಪ ಇಳೀಲಿ."

ಮುಂದಿನ ವಾರ ಪೋಸ್ಟ್‌ಮ್ಯಾನೂ ಸೇರಿಕೊಂಡ. ದಿಂಬು ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಅದಕ್ಕಾಗಿ ಎಲ್ಲರೂ ಒಳಗೊಳಗೇ ಅದಕ್ಕೆ ಕೃತಜ್ಞರಾಗಿದ್ದರು.

ಮೂರು ತಿಂಗಳಿಗೆ ಅಕ್ಕ ಬಂದಳು, ಕೋಲೂರಿಕೊಂಡು, ಆದರೆ ನೆಟ್ಟಗೆ. ದಿಂಬು ಅವಳನ್ನು ಕಂಡು ಗಿರಗಿರನೆ ಸುತ್ತಿ, ಸುತ್ತಿದ ರಭಸಕ್ಕೆ ತಾನೇ ಬಿದ್ದು, ಎದ್ದು ಮತ್ತೆ ಸುತ್ತಿತು. ಅವಳು ಬುಟ್ಟಿಯನ್ನು ತೂಕದ ಯಂತ್ರದ ಮೇಲಿಟ್ಟು ದಿಂಬುವನ್ನು ಅದರಲ್ಲಿ ಕೂರಿಸಿದಳು. ಸೆಕೆಂಡಣ್ಣನ ಎರಡೂ ಹುಬ್ಬು ಮೇಲಕ್ಕೇರಿದವು. ಮುಳ್ಳು ಅಲ್ಲಾಡಿ, ಎಂಟೂವರೆಗೆ ಕೂದಲೆಳೆಯಷ್ಟು ಹಿಂದೆ ನಿಂತಿತು.

"ದಾಟಿಲ್ಲ," ಎಂದಳು ಅಕ್ಕ. "ನೀನು ನೋಡ್ಕೋತೀಯ ಅಂತ ನಂಗೊತ್ತಿತ್ತು."

ಅವನು ತಲೆ ತಗ್ಗಿಸಿ, ತಿರುಪಿನಿಂದ ಹಿಡಿದು ನೇರಳೆ ನಾಲಿಗೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟ. ಅಕ್ಕ ಮುಖ ಗಂಟಿಕ್ಕಿ ಕೇಳಿದಳು. ಕೋಲನ್ನು ಎತ್ತಿದಳು ಕೂಡ. ಆದರೆ ಟೇಪಿನ ವಿಷಯಕ್ಕೆ ಬರುವಷ್ಟರಲ್ಲಿ ನಗು ತಡೆಯಲಾಗದೆ ಕೋಲನ್ನು ಕೆಳಗಿಟ್ಟಳು.

"ಡಾಕ್ಟ್ರು ನನಗೂ ಮಂಡಿಗೋಸ್ಕರ ತೂಕ ಇಳಿಸು ಅಂದಿದಾರೆ. ನೋಡೋಣ," ಎಂದು ಅವನ ಭುಜ ಹಿಡಿದು ಯಂತ್ರ ಹತ್ತಿದಳು. ಮುಳ್ಳು ಹೊರಟಿತು. ಹೋಗುತ್ತಲೇ ಇತ್ತು. ಕೊನೆಗೆ ನಿಂತಿತು. ಅಕ್ಕ ಬಹಳ ಹೊತ್ತು ನೋಡಿದಳು. ಸೆಕೆಂಡಣ್ಣನ ಲೆಕ್ಕದಲ್ಲಿ ಹದಿನಾರು ಸೆಕೆಂಡು.

"ಲೋ," ಎಂದಳು ಮೆಲ್ಲಗೆ. "ಆ ತಿರುಪು ಎಲ್ಲಿದೆ ಅಂದೆ?"